ಕ್ಷ-ಕಿರಣ ಚಿತ್ರದ ಕಪ್ಪು ಬಿಳುಪು

ಕ್ಷ-ಕಿರಣವೆಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಕರಿಯ ಹಾಳೆಯ ಮೇಲೆ ಬೆಳ್ಳಗೆ ಮೂಡಿದ ಎಲುಬಿನ ಚಿತ್ರ. ಜರ್ಮನಿಯ ವುರ್ಟ್ಸ್‌ಬುರ್ಗ್ ನಗರದ ಪ್ರಾಧ್ಯಾಪಕ ವಿಲ್ಹೆಲ್ಮ್ ರಾಂಟ್‌ಜೆನ್ ೧೮೯೫ನೆಯ ಇಸವಿ ನವೆಂಬರ್ ೮ರಂದು ಈ ಕಿರಣವನ್ನು ಕಂಡುಹಿಡಿದು, ಡಿಸೆಂಬರ್ ೨೨ರಂದು ತನ್ನ ಪತ್ನಿಯ ಕೈಯ ಚಿತ್ರವನ್ನು ತೆಗೆದ ಕಥೆ ಬಹು ಜನರಿಗೆ ತಿಳಿದದ್ದೇ. ಅದನ್ನು ಇಲ್ಲಿ ಮತ್ತೆ ಹೇಳುವ ಉದ್ದೇಶ ನನಗಿಲ್ಲ. ನಾನು ಕೇಳಬೇಕೆಂದಿರುವ ಪ್ರಶ್ನೆ ಬೇರೆ. ಎಲುಬು ಅಷ್ಟು ಚೆನ್ನಾಗಿ ಕಾಣುವ ಚಿತ್ರದಲ್ಲಿ ರಕ್ತನಾಳ ಏಕೆ ಕಾಣುವುದಿಲ್ಲ? ಕರುಳು ಏಕೆ ಕಾಣುವುದಿಲ್ಲ? ಒಬ್ಬನೇ ಮನುಷ್ಯನ ಎದೆ ಔರಾದಿನಲ್ಲಿ ತೆಗೆದಾಗ ಮಬ್ಬಾಗಿಯೂ ಬೀದರಿನಲ್ಲಿ ತೆಗೆದಾಗ ತಿಳಿಯಾಗಿಯೂ ಬಂದರೆ ಅದರ ಗುಟ್ಟೇನು?

ನಮ್ಮ ಹಳ್ಳಿಗಳಲ್ಲಿ ಇದಕ್ಕೊಂದು ಸಿದ್ಧ ಉತ್ತರವಿದೆ. "ಆ ಮಷೀನಿಗೆ ಪವರ್ ಇಲ್ಲ" ಎಂಬುದೇ ಆ ಉತ್ತರ. ಕಿರಣ ಹೆಚ್ಚು ಬಿಟ್ಟರೆ ಚಿತ್ರ ಸ್ಪಷ್ಟ, ಕಡಮೆ ಬಿಟ್ಟರೆ ಮಬ್ಬು ಎಂದು ಜನ ತಿಳಿದಿದ್ದಾರೆ. ಓದಿದವರೂ ಹಾಗೆಯೇ ಹೇಳುವುದನ್ನು ಕೇಳಿದ್ದೇನೆ. ಈ ತಿಳಿವಳಿಕೆ ಸರಿಯಲ್ಲವೆಂದು ತೋರಿಸಲು ಇಲ್ಲಿ ಪ್ರಯತ್ನಿಸುವೆನು. ಚಿತ್ರ ಕಾಣುವುದು ಒಂದು ಎಡೆಗೆ ಬಂದ ಕಿರಣಕ್ಕೂ ಪಕ್ಕದ ಎಡೆಗೆ ಬಂದ ಕಿರಣಕ್ಕೂ ಇರುವ ವ್ಯತ್ಯಾಸದಿಂದ. ಆ ವ್ಯತ್ಯಾಸವನ್ನು ಬೆಳೆಸಲು ಕಳೆದ ೧೩೦ ವರ್ಷಗಳಲ್ಲಿ ಹೂಡಿದ ಉಪಾಯಗಳು ಹಲವು. ಒಂದೊಂದಕ್ಕೂ ಒಂದೊಂದು ಬೆಲೆ ಇದೆ, ಮತ್ತು ಆ ಬೆಲೆಯನ್ನು ತೆರುವವನು ಮೇಜಿನ ಮೇಲೆ ಮಲಗಿದ ರೋಗಿ. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ ಈಗ ಅರ್ಥಶಾಸ್ತ್ರಕ್ಕೆ ಬಂದಿರುವ ನನಗೆ ಈ ವಿಷಯ ಹಿಡಿಸಿದ್ದು ಬಹುಶಃ ಈ ಬೆಲೆಯ ಮಾತಿನಿಂದಲೇ.

ಕಪ್ಪು ಬಿಳುಪುಗಳ ಈ ಭೇದಕ್ಕೆ ಇಂಗ್ಲಿಷಿನಲ್ಲಿ ಕಾಂಟ್ರಾಸ್ಟ್ ಎನ್ನುತ್ತಾರೆ. ಕನ್ನಡದಲ್ಲಿ ವೈದೃಶ್ಯ ಎಂಬ ಮಾತು ಬಳಕೆಯಲ್ಲಿದೆ. ಹೆಸರು ತುಸು ಬಿರುಸಾದರೂ ವಸ್ತು ಬೀದರಿನವರಿಗೆ ಹೊಸದಲ್ಲ. ಬಿದರಿ ಕೆಲಸ ಮಾಡುವ ಯಾವುದಾದರೂ ಅಂಗಡಿಯಲ್ಲಿ ಅರ್ಧ ಗಂಟೆ ಕುಳಿತು ನೋಡಿ. ಬಿದರಿ ಪಾತ್ರೆಯ ಮೈ ಸತುವಿನದು. ಅದರಲ್ಲಿ ಸ್ವಲ್ಪ ತಾಮ್ರ ಬೆರೆತಿರುತ್ತದೆ. ಎರಕ ಹೊಯ್ದು ಅರದಿಂದ ಉಜ್ಜಿ ನಯಮಾಡಿದಾಗ ಆ ಮೈಯ ಬಣ್ಣ ಬೂದು ಬಿಳುಪು. ಅದರಲ್ಲಿ ಕೂರಿಸುವ ಬೆಳ್ಳಿಯೂ ಬಿಳುಪು. ಹೂಬಳ್ಳಿ ಎಷ್ಟು ಸೊಗಸಾಗಿದ್ದರೂ ಬಿಳುಪಿನ ಮೇಲಿನ ಬಿಳುಪು ಎರಡು ಮಾರು ದೂರದಿಂದ ಕಾಣದು. ಆಗ ಕಸಬುದಾರನು ಇನ್ನಷ್ಟು ಬೆಳ್ಳಿ ತುಂಬುವುದಿಲ್ಲ. ಕೋಟೆಯ ಮಣ್ಣನ್ನೂ ನವಸಾಗರವನ್ನೂ ನೀರಿನಲ್ಲಿ ಕಲಸಿ, ಪಾತ್ರೆಯನ್ನು ಹದವಾಗಿ ಕಾಯಿಸಿ ಆ ಕೆಸರನ್ನು ಬಳಿಯುತ್ತಾನೆ. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಇದ್ದ ಬೆಳ್ಳಿಯೇ ಇದ್ದಕ್ಕಿದ್ದಂತೆ ಮೇಲೆದ್ದು ಬಂದ ಹಾಗಾಗುತ್ತದೆ. ಈ ಕಲೆಗಾಗಿ ೨೦೨೩ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದುದನ್ನು ವಾಚಕರು ಬಲ್ಲರು.

ಇದಕ್ಕೂ ಮೊದಲೇ ಕಸಬುದಾರ ಮಾಡುವ ಇನ್ನೊಂದು ಸಣ್ಣ ಉಪಾಯವಿದೆ. ಚಿತ್ರವನ್ನು ಕೊರೆಯುವ ಮುನ್ನ ಸತುವಿನ ಮೈಗೆ ಮೈಲುತುತ್ತದ ನೀರನ್ನು ಸವರುತ್ತಾನೆ. ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಸೂಜಿಯಿಂದ ಎಳೆದ ಗೆರೆ ಅದರ ಮೇಲೆ ಬೆಳ್ಳಗೆ ಕಾಣುತ್ತದೆ. ಕೊರೆತ ಮುಗಿದು ಬೆಳ್ಳಿ ಕೂರಿಸಿದ ಮೇಲೆ ಆ ಕಪ್ಪನ್ನು ಉಜ್ಜಿ ತೆಗೆದುಬಿಡುತ್ತಾರೆ. ನೋಡುವ ಹೊತ್ತಿಗೆ ಮಾತ್ರ ಬೇಕಾದ ಕಪ್ಪು ಅದು. ಇದನ್ನು ಓದುಗರು ನೆನಪಿನಲ್ಲಿಡಬೇಕು. ವೈದ್ಯರು ಇದನ್ನೇ ಮಾಡುವುದನ್ನು ಮುಂದೆ ಕಾಣುವೆವು.

ಇನ್ನು ಕ್ಷ-ಕಿರಣಕ್ಕೆ ಬರೋಣ. ಚಕ್ರಬಡ್ಡಿಯ ಲೆಕ್ಕ ಬಲ್ಲವರಿಗೆ ಇದರ ಮೊದಲ ಪಾಠ ಸುಲಭ. ಇಲ್ಲಿ ಬಡ್ಡಿ ಏರುವ ಬದಲು ಅಸಲು ಕರಗುತ್ತದೆ, ಅಷ್ಟೆ. ವೈದ್ಯರು ಬಳಸುವ ಮಧ್ಯಮ ಬಲದ ಕಿರಣವು ಒಂದು ಸೆಂಟಿಮೀಟರ್ ಮಾಂಸವನ್ನು ದಾಟುವಾಗ ತನ್ನಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಮುಂದಿನ ಸೆಂಟಿಮೀಟರಿನಲ್ಲಿ ಉಳಿದದ್ದರ ಐದನೆಯ ಒಂದು ಪಾಲು, ಹೀಗೆ. ೨೦ ಸೆಂಟಿಮೀಟರ್ ದಪ್ಪದ ಹೊಟ್ಟೆಯನ್ನು ದಾಟಿ ನೇರವಾಗಿ ಹೊರಬರುವುದು ನೂರರಲ್ಲಿ ಒಂದೆರಡು ಪಾಲು ಮಾತ್ರ. ದಾರಿಯಲ್ಲಿ ಒಂದು ಸೆಂಟಿಮೀಟರ್ ಮಾಂಸದ ಬದಲು ಒಂದು ಸೆಂಟಿಮೀಟರ್ ಕೊಬ್ಬು ಸಿಕ್ಕಿದರೆ ಹೊರಬರುವ ಕಿರಣ ನೂರಕ್ಕೆ ಮೂರರಷ್ಟು ಹೆಚ್ಚಬಹುದು. ಮಾಂಸಕ್ಕೂ ರಕ್ತಕ್ಕೂ ಆ ಮೂರೂ ಇಲ್ಲ. ರಕ್ತನಾಳ ಕಾಣದಿರುವುದಕ್ಕೆ ಕಾರಣವಿಷ್ಟೇ: ಕಿರಣದ ಕಣ್ಣಿಗೆ ರಕ್ತ, ಮಾಂಸ, ಯಕೃತ್ತು ಎಲ್ಲವೂ ಹೆಚ್ಚುಕಡಮೆ ನೀರು.

ಕಿರಣ ಕಳೆದುಹೋಗುವ ಬಗೆ ಎರಡು. ಒಂದು, ಪರಮಾಣು ಅದನ್ನು ಪೂರ್ತಿ ನುಂಗುವುದು. ಇನ್ನೊಂದು, ಎಲೆಕ್ಟ್ರಾನಿಗೆ ತಾಗಿ ಕಿರಣ ಅಡ್ಡದಾರಿಗೆ ಚದುರುವುದು. ನುಂಗುವ ಕೆಲಸದಲ್ಲಿ ಪರಮಾಣುಗಳ ನಡುವೆ ಭಾರಿ ಪಕ್ಷಪಾತವಿದೆ. ಪರಮಾಣು ಸಂಖ್ಯೆ ಹೆಚ್ಚಿದಂತೆ ಅದರ ಘನದಂತೆ ನುಂಗುವಿಕೆಯೂ ಹೆಚ್ಚುತ್ತದೆ. ಆಮ್ಲಜನಕದ ಸಂಖ್ಯೆ ೮, ಎಲುಬಿನ ಕ್ಯಾಲ್ಸಿಯಂನದು ೨೦. ತೂಕಕ್ಕೆ ತೂಕ ನೋಡಿದರೆ ಕ್ಯಾಲ್ಸಿಯಂ ಸುಮಾರು ೧೫ ಪಟ್ಟು ಹೆಚ್ಚು ನುಂಗುತ್ತದೆ. ಚದುರುವ ಕೆಲಸದಲ್ಲಾದರೋ ಈ ಪಕ್ಷಪಾತ ಬಹು ಕಡಮೆ. ಅದು ಎಲ್ಲರನ್ನೂ ಸಮನಾಗಿ ಕಾಣುತ್ತದೆ. ಕಿರಣದ ಶಕ್ತಿ ಏರಿದಂತೆ ನುಂಗುವಿಕೆ ತೀವ್ರವಾಗಿ ಇಳಿದು ಚದುರುವಿಕೆಯೇ ಮೇಲಾಗುತ್ತದೆ. ಎಂದರೆ "ಪವರ್" ಏರಿಸಿದಷ್ಟೂ ವೈದೃಶ್ಯ ತಗ್ಗುತ್ತದೆ. ಜನರು ತಿಳಿದಿರುವುದಕ್ಕೆ ಇದು ನೇರ ವಿರುದ್ಧವಲ್ಲವೆ?

ಹಾಗಾದರೆ ಶಕ್ತಿಯನ್ನು ಇಳಿಸಿಬಿಟ್ಟರಾಯಿತು ಎನ್ನಬಹುದು. ಇಲ್ಲಿಯೇ ಬೆಲೆಯ ಮಾತು ಬರುವುದು. ಇದನ್ನು ಪರೀಕ್ಷಿಸಲು ನಾನು ಬಿದರಿ ಪಾತ್ರೆಯನ್ನೇ ತೆಗೆದುಕೊಂಡು, ಭೌತಶಾಸ್ತ್ರದ ಕೋಷ್ಟಕಗಳ ಸಹಾಯದಿಂದ ಕಾಗದದ ಮೇಲೆ ಲೆಕ್ಕ ಹಾಕಿದೆ. ಸತುವಿನ ಗೋಡೆ ೩ ಮಿಲಿಮೀಟರ್, ಅದರಲ್ಲಿ ಕೂರಿಸಿದ ಬೆಳ್ಳಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ಎಂದು ಹಿಡಿಯೋಣ. ಸತುವಿನ ಪರಮಾಣು ಸಂಖ್ಯೆ ೩೦, ಬೆಳ್ಳಿಯದು ೪೭. ಕಿರಣದ ಶಕ್ತಿ ೪೦ ಸಾವಿರ ಎಲೆಕ್ಟ್ರಾನ್ ವೋಲ್ಟ್ ಇದ್ದಾಗ ಆ ತೆಳು ಬೆಳ್ಳಿ ನೂರಕ್ಕೆ ೮೦ಕ್ಕಿಂತ ಹೆಚ್ಚು ಕಿರಣವನ್ನು ತಡೆಯುತ್ತದೆ. ಅಷ್ಟೇ ದಪ್ಪದ ಸತು ತಡೆಯುವುದು ನೂರಕ್ಕೆ ೩೦ರ ಆಸುಪಾಸು. ಎಂಥ ಅಮೋಘ ವ್ಯತ್ಯಾಸ! ಆದರೆ ಆ ೩ ಮಿಲಿಮೀಟರ್ ಸತುವಿನ ಗೋಡೆಯನ್ನು ಈ ಕಿರಣ ದಾಟಬೇಕಲ್ಲ; ಲಕ್ಷಕ್ಕೆ ಒಂದು ದಾಟುತ್ತದೆ. ಶಕ್ತಿಯನ್ನು ೧೦೦ ಸಾವಿರಕ್ಕೆ ಏರಿಸಿದರೆ ಗೋಡೆಯನ್ನು ಮೂರರಲ್ಲಿ ಒಂದು ಪಾಲು ದಾಟಿಬರುತ್ತದೆ; ಆದರೆ ಆಗ ಬೆಳ್ಳಿ ತಡೆಯುವುದು ನೂರಕ್ಕೆ ೧೪, ಸತು ೩ ಅಥವಾ ೪. ಚಿತ್ರ ಬರುತ್ತದೆ, ಬೆಳ್ಳಿಯ ಬಳ್ಳಿಯೂ ಕಾಣುತ್ತದೆ, ಮೊದಲಿನ ಆ ಬೆರಗು ಮಾತ್ರ ಇಲ್ಲ. ಕಡಮೆ ಶಕ್ತಿಯಲ್ಲಿ ಭೇದವಿದೆ, ದಾಟುವ ಕಿರಣವಿಲ್ಲ. ಹೆಚ್ಚು ಶಕ್ತಿಯಲ್ಲಿ ಕಿರಣವಿದೆ, ಭೇದ ಸಣ್ಣದು.

ಪಾತ್ರೆಯಾದರೆ ಲಕ್ಷದಲ್ಲಿ ಒಂದೇ ದಾಟಿದರೂ ಗಂಟೆಗಟ್ಟಲೆ ಕಾಯಬಹುದು. ಮನುಷ್ಯನ ದೇಹದಲ್ಲಿ ದಾಟದೆ ಉಳಿದ ಕಿರಣವೆಲ್ಲ ಆ ದೇಹಕ್ಕೇ ಸಂದಾಯ. ಆದುದರಿಂದ ವೈದ್ಯಕೀಯದಲ್ಲಿ ಅಂಗಕ್ಕೆ ತಕ್ಕ ಶಕ್ತಿಯನ್ನು ಆರಿಸುತ್ತಾರೆ. ಸ್ತನದ ಚಿತ್ರಕ್ಕೆ ೨೫ರಿಂದ ೩೦ ಕಿಲೋವೋಲ್ಟ್ ಸಾಕು, ಅಲ್ಲಿ ಕೊಬ್ಬಿಗೂ ಗ್ರಂಥಿಗೂ ಇರುವ ಸಣ್ಣ ಭೇದವೇ ಜೀವಾಳ. ಕೈಕಾಲುಗಳಿಗೆ ೫೦ರಿಂದ ೬೦. ಎದೆಗೆ ದೊಡ್ಡ ಯಂತ್ರಗಳಲ್ಲಿ ೧೧೦ಕ್ಕೂ ಮೇಲೆ ಹೋಗುತ್ತಾರೆ. ಇದರಲ್ಲೊಂದು ಸ್ವಾರಸ್ಯವಿದೆ: ಎದೆಯಲ್ಲಿ ಪಕ್ಕೆಲುಬುಗಳು ಬಹಳ ಬೆಳ್ಳಗೆ ಕಂಡರೆ ಅವುಗಳ ಹಿಂದಿನ ಶ್ವಾಸಕೋಶ ಮರೆಯಾಗುತ್ತದೆ. ಅಲ್ಲಿ ಎಲುಬಿನ ವೈದೃಶ್ಯವನ್ನು ಬೇಕೆಂದೇ ತಗ್ಗಿಸುತ್ತಾರೆ. ಎಲುಬು ಢಾಳಾಗಿ ಕಾಣಲಿಲ್ಲವೆಂದು ಎದೆಯ ಚಿತ್ರವನ್ನು ಹೀಗಳೆಯುವವರು ಇದನ್ನು ಗಮನಿಸಬೇಕು.

ಶಕ್ತಿಯ ಆಯ್ಕೆಗಿಂತಲೂ ನಮ್ಮಂಥ ಊರುಗಳಲ್ಲಿ ಹೆಚ್ಚು ಕಾಡುವುದು ಚದುರಿದ ಕಿರಣ. ಚಳಿಗಾಲದ ಬೆಳಗಿನಲ್ಲಿ ಮಂಜು ಕವಿದಾಗ ಭಾಲ್ಕಿಯ ರಸ್ತೆಯಲ್ಲಿ ಬಸ್ಸಿನಲ್ಲಿ ಬಂದವರಿಗೆ ಇದು ಗೊತ್ತು: ಚಾಲಕ ದೀಪವನ್ನು ಎತ್ತರಿಸಿದರೆ ರಸ್ತೆ ಕಾಣುವುದಿಲ್ಲ, ಮಂಜೇ ಬೆಳಗುತ್ತದೆ. ದೇಹದೊಳಗೆ ದಿಕ್ಕುಗೆಟ್ಟ ಕಿರಣಗಳು ಎಲ್ಲೆಲ್ಲಿಂದಲೋ ಬಂದು ಚಿತ್ರದ ಮೇಲೆಲ್ಲ ಸಮನಾಗಿ ಬೀಳುತ್ತವೆ. ಅವುಗಳಲ್ಲಿ ಸುದ್ದಿ ಏನೂ ಇಲ್ಲ. ನೇರವಾಗಿ ಬಂದ ಕಿರಣ ಒಂದು ಪಾಲು, ಚದುರಿ ಬಂದದ್ದು ನಾಲ್ಕು ಪಾಲು ಎಂದಾದರೆ, ಮೊದಲು ಹೇಳಿದ ನೂರಕ್ಕೆ ಮೂರರ ಭೇದ ಐದನೆಯ ಒಂದು ಪಾಲಿಗೆ ಇಳಿಯುತ್ತದೆ. ನೂರಕ್ಕೆ ಒಂದೂ ಉಳಿಯದು. ದಪ್ಪ ಹೊಟ್ಟೆಯಲ್ಲಿ ಇಂಥ ಪ್ರಮಾಣ ಅಪರೂಪವೇನೂ ಅಲ್ಲ. ಇಲ್ಲಿ ಕಿರಣವನ್ನು ಇಮ್ಮಡಿಸಿದರೆ ನೇರ ಕಿರಣವೂ ಇಮ್ಮಡಿ, ಚದುರಿದ್ದೂ ಇಮ್ಮಡಿ. ಮಬ್ಬು ಹಾಗೆಯೇ ಇರುತ್ತದೆ.

ಔರಾದ ತಾಲ್ಲೂಕಿನಲ್ಲಿರುವ ನನ್ನ ಸೋದರಮಾವನ ಪ್ರಸಂಗವನ್ನು ಇಲ್ಲಿ ಹೇಳಬೇಕು. ಕೆಮ್ಮು ಮೂರು ವಾರ ಬಿಡಲಿಲ್ಲ. ಒಂದು ಕಡೆ ಎದೆಯ "ಫೋಟೋ" ತೆಗೆಸಿದರು. ಹಾಲಿನಲ್ಲಿ ಅದ್ದಿದ ಹಾಗೆ ಬಂದಿತ್ತು. ಇನ್ನೊಂದು ಕಡೆ ತೆಗೆಸಿದರು. ಎಲ್ಲಿ ತೆಗೆಸಿದ್ದು ಎಂಬುದು ಮುಖ್ಯವಲ್ಲ, ಅದೂ ಹಾಗೆಯೇ. ಎರಡು ಚಿತ್ರಗಳನ್ನೂ ನಾನು ಬೆಳಕಿಗೆ ಹಿಡಿದು ನೋಡಿದ್ದೇನೆ. ಎರಡರಲ್ಲಿಯೂ ಗದ್ದದಿಂದ ಹೊಕ್ಕುಳಿನವರೆಗೆ ಎಲ್ಲವೂ ಇದ್ದವು, ಕೊರಳ ತಾಯಿತ ಸಹ. ಮೂರನೆಯ ಸಲ ಬೀದರಿಗೆ ಬಂದಾಗ ನಾನು ಜೊತೆಗಿದ್ದೆ. ಅಲ್ಲಿಯ ತಂತ್ರಜ್ಞ ಮೊದಲು ತಾಯಿತ ತೆಗೆಸಿದ. ಬೆನ್ನಿನ ಮೇಲೆ ಬಿದ್ದ ಬೆಳಕಿನ ಚೌಕವನ್ನು ಗುಂಡಿ ತಿರುಗಿಸಿ ಎದೆಯಷ್ಟಕ್ಕೇ ಕಿರಿದು ಮಾಡಿದ. ಎದೆಯನ್ನು ಹಲಗೆಗೆ ಒತ್ತಿ ನಿಲ್ಲಿಸಿ, ಉಸಿರನ್ನು ಪೂರ್ತಿ ಎಳೆದು ಹಿಡಿಯಲು ಎರಡು ಬಾರಿ ಅಭ್ಯಾಸ ಮಾಡಿಸಿ, ಮೂರನೆಯ ಬಾರಿ ಗುಂಡಿ ಒತ್ತಿದ. ಬಲ ಶ್ವಾಸಕೋಶದ ಮೇಲ್ತುದಿಯಲ್ಲಿ ಬಿಳಿಯ ಮೋಡದಂಥ ಗುರುತು ಸ್ಪಷ್ಟವಾಗಿ ಕಂಡಿತು. ಕಫದ ಪರೀಕ್ಷೆಯಲ್ಲಿ ಕ್ಷಯವೆಂದು ಖಚಿತವಾಯಿತು. ಆರು ತಿಂಗಳ ಔಷಧದಿಂದ ಮಾವ ಗುಣವಾದರು. ಆದರೆ ಮೂರು ದಿನದ ಕೂಲಿ, ಬಸ್ಸಿನ ಖರ್ಚು, ಎರಡು ವ್ಯರ್ಥ ಚಿತ್ರಗಳ ಹಣ, ಅದಕ್ಕಿಂತ ಮಿಗಿಲಾಗಿ ನಡುವೆ ಹೋದ ಹನ್ನೆರಡು ದಿನಗಳು ಮರಳಿ ಬರಲಿಲ್ಲ. ಆ ದಿನಗಳಲ್ಲಿ ಮಾವ ಒಂದೇ ಕೋಣೆಯಲ್ಲಿ ಮಕ್ಕಳೊಡನೆ ಮಲಗುತ್ತಿದ್ದರು.

ಕಿರಣದ ಕಿಂಡಿಯನ್ನು ಕಿರಿದು ಮಾಡುವುದು ಚದುರುವಿಕೆಗೆ ಇರುವ ಅತಿ ಅಗ್ಗದ ಮದ್ದು. ಕಿರಣ ತಾಗುವ ಮಾಂಸವೇ ಕಡಮೆಯಾದರೆ ಚದುರುವುದೂ ಕಡಮೆ. ರೋಗಿಗೂ ಲಾಭ, ಚಿತ್ರಕ್ಕೂ ಲಾಭ. ನಾನು ತಿಳಿದ ಮಟ್ಟಿಗೆ ವೈದೃಶ್ಯದ ಉಪಾಯಗಳಲ್ಲಿ ಯಾರ ಮೇಲೂ ಬೆಲೆ ಹೇರದಿರುವುದು ಇದೊಂದೇ. ಇನ್ನೊಂದು ಉಪಾಯ ಬರ್ಲಿನ್ನಿನ ಗುಸ್ತಾವ್ ಬುಕಿ ೧೯೧೩ರಲ್ಲಿ ಕಂಡುಹಿಡಿದ ಜಾಲರಿ. ಪಪ್ಪಾಯಿ ಎಲೆಯ ಟೊಳ್ಳು ತೊಟ್ಟುಗಳನ್ನು ಕಂತೆ ಕಟ್ಟಿ ಅವುಗಳ ಮೂಲಕ ನೋಡಿದರೆ ಎದುರಿನದು ಮಾತ್ರ ಕಾಣುತ್ತದೆ, ಓರೆಯ ಬೆಳಕು ತೊಟ್ಟಿನ ಗೋಡೆಗೆ ಬಡಿದು ನಿಲ್ಲುತ್ತದೆ. ಹಾಗೆಯೇ ದೇಹಕ್ಕೂ ಫಿಲ್ಮಿಗೂ ನಡುವೆ ಸೀಸದ ತೆಳುಪಟ್ಟಿಗಳ ಜಾಲರಿ ಇಟ್ಟರೆ ನೇರ ಕಿರಣ ಸಂದಿಯಲ್ಲಿ ನುಸುಳುತ್ತದೆ, ಓರೆಯದು ಸೀಸಕ್ಕೆ ಬಡಿಯುತ್ತದೆ. ಪಟ್ಟಿಗಳ ನೆರಳೇ ಚಿತ್ರದಲ್ಲಿ ಗೆರೆ ಗೆರೆಯಾಗಿ ಬೀಳುತ್ತಿತ್ತು. ಅಮೆರಿಕದ ಹಾಲಿಸ್ ಪಾಟರ್ ಚಿತ್ರ ತೆಗೆಯುವಾಗ ಜಾಲರಿಯನ್ನು ಸರಿಸುತ್ತ ಆ ಗೆರೆಗಳನ್ನು ಅಳಿಸಿದ. ಇದರ ಬೆಲೆ: ಜಾಲರಿ ನೇರ ಕಿರಣದಲ್ಲಿಯೂ ಒಂದಿಷ್ಟನ್ನು ತಿನ್ನುವುದರಿಂದ ಮೊದಲಿಗಿಂತ ಎರಡರಿಂದ ಐದು ಪಟ್ಟು ಕಿರಣ ಬಿಡಬೇಕಾಗುತ್ತದೆ. ತೆಳ್ಳನೆಯ ಮಗುವಿಗೆ ಜಾಲರಿ ಹಾಕುವುದು ದಂಡ. ದಪ್ಪನೆಯ ಹೊಟ್ಟೆಗೆ ಹಾಕದಿರುವುದು ದಂಡ.

ಮೂರನೆಯ ಬಗೆಯ ಉಪಾಯ ಬಿದರಿಯವರ ಮೈಲುತುತ್ತದಂಥದು. ದೇಹದಲ್ಲಿ ಭೇದವೇ ಇಲ್ಲದಿದ್ದರೆ ಹೊರಗಿನಿಂದ ಒಂದು ವಸ್ತುವನ್ನು ತಂದು ಭೇದವನ್ನು ಹುಟ್ಟಿಸುವುದು, ನೋಡಿದ ಮೇಲೆ ಕಳುಹಿಸಿಬಿಡುವುದು. ರಾಂಟ್‌ಜೆನ್ ತನ್ನ ಶೋಧವನ್ನು ಪ್ರಕಟಿಸಿ ತಿಂಗಳಾಗುವಷ್ಟರಲ್ಲಿ, ೧೮೯೬ರ ಜನವರಿಯಲ್ಲಿ, ವಿಯೆನ್ನಾದ ಹಾಶೆಕ್ ಮತ್ತು ಲಿಂಡೆಂಟಾಲ್ ಎಂಬುವರು ಶವದ ಕೈಯ ರಕ್ತನಾಳಗಳಿಗೆ ಸುಣ್ಣದ ಅಂಶವುಳ್ಳ ಮಿಶ್ರಣ ತುಂಬಿ ಚಿತ್ರ ತೆಗೆದರು. ನಾಳಗಳು ಮರದ ಕೊಂಬೆಗಳಂತೆ ಮೂಡಿದವು. ಅದೇ ವರ್ಷದ ಕೊನೆಗೆ ಹಾರ್ವರ್ಡಿನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ ವಾಲ್ಟರ್ ಕ್ಯಾನನ್ ಪ್ರಾಣಿಗಳಿಗೆ ಲೋಹದ ಲವಣ ಬೆರೆತ ಆಹಾರ ತಿನ್ನಿಸಿ ಅದು ಗಂಟಲಿನಲ್ಲಿಯೂ ಜಠರದಲ್ಲಿಯೂ ಇಳಿಯುವುದನ್ನು ಕಣ್ಣಾರೆ ನೋಡಲು ತೊಡಗಿದ. ಆತನೂ ಆಗ ನಮ್ಮ ಹಾಗೆ ವಿದ್ಯಾರ್ಥಿಯೇ ಎಂಬುದನ್ನು ನೆನೆದರೆ ಹುರುಪು ಬರುತ್ತದೆ. ಮೊದಮೊದಲು ಮನುಷ್ಯರಿಗೆ ಕೊಡುತ್ತಿದ್ದ ಬಿಸ್ಮತ್ ಲವಣಗಳಿಂದ ಕೆಲವರಿಗೆ ವಿಷವೇರಿತು. ೧೯೧೦ರ ಹೊತ್ತಿಗೆ ಬೇರಿಯಂ ಸಲ್ಫೇಟ್ ಬಂದಿತು. ಬೇರಿಯಂನ ಬೇರೆ ಲವಣಗಳು ಘೋರ ವಿಷ. ಸಲ್ಫೇಟ್ ಮಾತ್ರ ನೀರಿನಲ್ಲಿ ಕರಗದು, ಕರುಳಿನಲ್ಲಿ ಹೀರಲ್ಪಡದು, ಬಂದ ಹಾಗೆ ಹೋಗುತ್ತದೆ. ಇಂದಿಗೂ ಜಠರ ಕರುಳುಗಳ ಚಿತ್ರಕ್ಕೆ ಅದನ್ನು ಕುಡಿಸುತ್ತಾರೆ.

ರಕ್ತಕ್ಕೆ ಕರಗುವ ವಸ್ತುವೇ ಬೇಕು. ಅಲ್ಲಿ ಗೆದ್ದದ್ದು ಅಯೋಡಿನ್. ಅದರ ಪರಮಾಣು ಸಂಖ್ಯೆ ೫೩. ಘನದ ಲೆಕ್ಕದಲ್ಲಿ ಆಮ್ಲಜನಕಕ್ಕಿಂತ ಸುಮಾರು ೩೦೦ ಪಟ್ಟು. ಇದಲ್ಲದೆ ಇನ್ನೊಂದು ಅದೃಷ್ಟವೂ ಅದಕ್ಕಿದೆ. ಕಿರಣದ ಶಕ್ತಿ ೩೩ ಸಾವಿರ ಎಲೆಕ್ಟ್ರಾನ್ ವೋಲ್ಟನ್ನು ದಾಟಿದ ಕೂಡಲೇ ಅಯೋಡಿನ್ನಿನ ಒಳಚಿಪ್ಪಿನ ಎಲೆಕ್ಟ್ರಾನುಗಳೂ ಕಿರಣವನ್ನು ನುಂಗಲು ತೊಡಗಿ, ನುಂಗುವಿಕೆ ಒಮ್ಮೆಲೇ ಜಿಗಿಯುತ್ತದೆ. ವೈದ್ಯರ ಕಿರಣದ ಬಹುಪಾಲು ಬೀಳುವುದೂ ಆ ಆಸುಪಾಸಿನಲ್ಲಿಯೇ. ಲಿಸ್ಬನ್ನಿನ ಈಗಾಸ್ ಮೊನೀಜ್ ೧೯೨೭ರಲ್ಲಿ ಅಯೋಡಿನ್ ಲವಣವನ್ನು ಕೊರಳಿನ ರಕ್ತನಾಳಕ್ಕೆ ಚುಚ್ಚಿ ಬದುಕಿರುವ ಮನುಷ್ಯನ ಮೆದುಳಿನ ನಾಳಗಳನ್ನು ಕಾಣಿಸಿದ. ಇಂದು ಹೃದಯದ ನಾಳಗಳನ್ನು ನೋಡುವ ಪರೀಕ್ಷೆಯಲ್ಲಿ ಚುಚ್ಚುವುದೂ ಅಯೋಡಿನ್ನಿನ ಸುಧಾರಿಸಿದ ಸಂಯುಕ್ತಗಳನ್ನೇ. ಬೆಲೆ ಇದಕ್ಕೂ ಉಂಟು: ಕೆಲವರಿಗೆ ಒಗ್ಗದೆ ಮೈ ತುರಿಸುತ್ತದೆ, ಅಪರೂಪಕ್ಕೆ ಪ್ರಾಣಕ್ಕೇ ಬರುತ್ತದೆ, ಮೂತ್ರಪಿಂಡ ದುರ್ಬಲವಾಗಿರುವವರಿಗೆ ಎಚ್ಚರ ಬೇಕು.

ಆದರೆ ಬೆಲೆಯನ್ನು ಮರೆತ ವಸ್ತುವೆಂದರೆ ಥೊರೋಟ್ರಾಸ್ಟ್. ಇದು ಥೋರಿಯಂ ಆಕ್ಸೈಡಿನ ದ್ರವ. ಥೋರಿಯಂನ ಪರಮಾಣು ಸಂಖ್ಯೆ ೯೦, ಚಿತ್ರ ಅದ್ಭುತ, ಚುಚ್ಚಿದಾಗ ನೋವಿಲ್ಲ, ಮೈಗೆ ಒಗ್ಗದಿರುವುದಿಲ್ಲ. ೧೯೩೦ ಮತ್ತು ೧೯೪೦ರ ದಶಕಗಳಲ್ಲಿ ಹಲವು ದೇಶಗಳ ವೈದ್ಯರು ಇದನ್ನು ಮೆಚ್ಚಿ ಬಳಸಿದರು. ಆದರೆ ಥೋರಿಯಂ ವಿಕಿರಣಶೀಲ; ಅದು ಯಕೃತ್ತಿನಲ್ಲಿಯೂ ಗುಲ್ಮದಲ್ಲಿಯೂ ನೆಲೆಸಿ ಜೀವಮಾನವಿಡೀ ಹೊರಹೋಗುವುದಿಲ್ಲ. ಇಪ್ಪತ್ತು ಮೂವತ್ತು ವರ್ಷಗಳ ತರುವಾಯ ಆ ರೋಗಿಗಳಲ್ಲಿ ಯಕೃತ್ತಿನ ಕ್ಯಾನ್ಸರ್ ಕಾಣಿಸಿಕೊಂಡಿತು. ಬಿದರಿಯ ಕಸಬುದಾರನು ಮೈಲುತುತ್ತದ ಕಪ್ಪನ್ನು ಕೊನೆಗೆ ಉಜ್ಜಿ ತೆಗೆಯುತ್ತಾನೆ. ಇದನ್ನು ಉಜ್ಜಿ ತೆಗೆಯುವ ಬಗೆ ಯಾರಿಗೂ ತಿಳಿದಿರಲಿಲ್ಲ.

ಮುಂದಿನ ಉಪಾಯ ಕಳೆಯುವ ಲೆಕ್ಕ. ಅಯೋಡಿನ್ ಚುಚ್ಚುವ ಮುನ್ನ ಒಂದು ಚಿತ್ರ, ಚುಚ್ಚಿದ ಮೇಲೆ ಇನ್ನೊಂದು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಎಲುಬು ಮಾಂಸಗಳೆಲ್ಲ ಹೋಗಿ ರಕ್ತನಾಳ ಮಾತ್ರ ಉಳಿಯಬೇಕು. ನೆದರ್ಲೆಂಡ್ಸಿನ ಜೀಡ್ಸೆಸ್ ಡೆಸ್ ಪ್ಲಾಂಟೆಸ್ ೧೯೩೦ರ ದಶಕದಲ್ಲಿಯೇ ಒಂದು ಫಿಲ್ಮಿನ ಮೇಲೆ ಇನ್ನೊಂದರ ವಿಲೋಮ ಪ್ರತಿಯನ್ನು ಹೊಂದಿಸಿಟ್ಟು ಇದನ್ನು ಮಾಡಿದ್ದ. ಗಣಕಯಂತ್ರ ಬಂದ ಮೇಲೆ ಇದು ಕ್ಷಣದ ಕೆಲಸವಾಯಿತು. ಮಾವನ ಪ್ರಸಂಗದಲ್ಲಿಯೂ ಚಿಕಿತ್ಸೆ ಮುಗಿದ ಮೇಲೆ ವೈದ್ಯರು ಹಳೆಯ ಚಿತ್ರವನ್ನು ಕೇಳಿ ಪಡೆದು ಹೊಸದರ ಪಕ್ಕದಲ್ಲಿ ಹಿಡಿದು ನೋಡಿದರು. ಅದೂ ಕಣ್ಣಿನಿಂದ ಮಾಡಿದ ಕಳೆಯುವ ಲೆಕ್ಕವೇ.

ಕಳೆಯುವುದಕ್ಕಿಂತ ದೊಡ್ಡ ಉಪಾಯ ಬಿಡಿಸುವುದು. ಸಾಮಾನ್ಯ ಚಿತ್ರದಲ್ಲಿ ಎದೆಮೂಳೆ, ಹೃದಯ, ಬೆನ್ನೆಲುಬು ಎಲ್ಲದರ ನೆರಳೂ ಒಂದರ ಮೇಲೊಂದು ಬೀಳುತ್ತವೆ. ಬೀದರಿನ ಚೌಬಾರವನ್ನು ಒಂದೇ ಬೀದಿಯಿಂದ ನೋಡುವವನಿಗೆ ಅದರ ಹಿಂದಿನ ಅಂಗಡಿಗಳು ಕಾಣವು; ಸುತ್ತ ಒಂದು ಪ್ರದಕ್ಷಿಣೆ ಹಾಕಿದರೆ ಯಾವುದು ಎಲ್ಲಿದೆಯೆಂದು ತಿಳಿಯುತ್ತದೆ. ಸಿ.ಟಿ. ಯಂತ್ರ ದೇಹದ ಸುತ್ತ ಇಂಥ ಪ್ರದಕ್ಷಿಣೆ ಹಾಕಿ ನೂರಾರು ದಿಕ್ಕಿನ ನೆರಳುಗಳಿಂದ ಒಂದು ಅಡ್ಡಕೊಯ್ತವನ್ನು ಲೆಕ್ಕದಿಂದ ಕಟ್ಟುತ್ತದೆ. ಲಂಡನ್ನಿನಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡರ ಯಂತ್ರ ಮೊದಲ ರೋಗಿಯ ಮೆದುಳನ್ನು ಚಿತ್ರಿಸಿದ್ದು ೧೯೭೧ರ ಅಕ್ಟೋಬರ್ ಒಂದರಂದು. ಅದೇ ೧೯೭೧ರಲ್ಲಿ ಜಿ. ಎನ್. ರಾಮಚಂದ್ರನ್ ಅವರು ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಪ್ರಕಟಿಸಿದ ಲೇಖನವೊಂದು ಈ ಲೆಕ್ಕವನ್ನು ಬಹಳ ಹಗುರ ಮಾಡಿತು. ನೆರಳುಗಳನ್ನು ಬಂದ ಹಾಗೆಯೇ ಹಿಂದಕ್ಕೆ ಎಳೆದು ಕೂಡಿಸಿದರೆ ಚಿತ್ರ ಕಲೆಸಿಹೋಗುತ್ತದೆ. ಪ್ರತಿಯೊಂದು ನೆರಳನ್ನೂ ಮೊದಲು ಒಂದು ನಿರ್ದಿಷ್ಟ ಸಂಖ್ಯಾಸರಣಿಯಿಂದ ಶೋಧಿಸಿ ಆಮೇಲೆ ಕೂಡಿಸಿದರೆ ಅಂಚುಗಳು ತಿಳಿಯಾಗುತ್ತವೆ ಎಂಬುದು ಅವರ ವಿಧಾನದ ತಿರುಳು. ಆ ಶೋಧಕಕ್ಕೆ ಇಂದಿಗೂ ಈ ಇಬ್ಬರ ಹೆಸರೇ ಇದೆ. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ರಾಮನ್ನರ ಶಿಷ್ಯರಾಗಿ ೧೯೪೦ರ ದಶಕದಲ್ಲಿ ವಜ್ರಗಳನ್ನು ಕ್ಷ-ಕಿರಣದಿಂದ ಪರೀಕ್ಷಿಸಿದವರು. ಮುಂದೆ ಅದೇ ಮಂದಿರದಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದವರು. ೧೯೭೯ರಲ್ಲಿ ಸಿ.ಟಿ.ಗಾಗಿ ನೊಬೆಲ್ ಪಾರಿತೋಷಕ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕರಿಗೆ ಸಂದಿತು. ಕನ್ನಡ ನಾಡಿನ ನಂಟಿರುವ ಈ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಇನ್ನೂ ಹೆಚ್ಚು ಕೇಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಸಿ.ಟಿ.ಯ ಬೆಲೆಯನ್ನು ಮುಚ್ಚಿಡಬಾರದು. ಎದೆಯ ಒಂದು ಸಾಮಾನ್ಯ ಚಿತ್ರದಿಂದ ದೇಹಕ್ಕೆ ಸೇರುವ ವಿಕಿರಣ ಸುಮಾರು ೦.೦೨ ಮಿಲಿಸೀವರ್ಟ್; ಎದೆಯ ಸಿ.ಟಿ.ಯಿಂದ ಹಲವು ಮಿಲಿಸೀವರ್ಟ್. ಎಂದರೆ ನೂರಾರು ಪಟ್ಟು. ನೆಲ, ಗಾಳಿ, ಆಕಾಶಗಳಿಂದ ಪ್ರಪಂಚದ ಮನುಷ್ಯನೊಬ್ಬನಿಗೆ ವರ್ಷಕ್ಕೆ ಸರಾಸರಿ ಬರುವುದು ೨.೪ ಎಂಬುದರೊಡನೆ ಇದನ್ನು ಹೋಲಿಸಬಹುದು. ಹೆದರಿ ಓಡಬೇಕಾದುದೇನಿಲ್ಲ, ಬೇಕಾದಾಗ ಮಾಡಿಸಲೇಬೇಕು. ತಲೆನೋವು ಬಂದವರೆಲ್ಲ "ಸಿ.ಟಿ. ಬರೆದುಕೊಡಿ" ಎಂದು ವೈದ್ಯರನ್ನು ಪೀಡಿಸುವುದು ಮಾತ್ರ ನನಗೆ ಸರಿತೋರದು.

ಈಗ ಫಿಲ್ಮಿನ ಕಾಲ ಬಹುಮಟ್ಟಿಗೆ ಮುಗಿದು ಚಿತ್ರಗಳು ಗಣಕಯಂತ್ರದ ಪರದೆಗೆ ಬಂದಿವೆ. ಗುಂಡಿಯೊಂದನ್ನು ಎಳೆದರೆ ಮಬ್ಬಾದ ಚಿತ್ರ ಢಾಳಾಗುತ್ತದೆ. ಯಂತ್ರ ಸಾವಿರಾರು ಛಾಯೆಗಳನ್ನು ಎಣಿಸಬಲ್ಲದು, ನಮ್ಮ ಕಣ್ಣು ಒಂದು ನೋಟಕ್ಕೆ ಗುರುತಿಸುವುದು ಕೆಲವೇ ಹತ್ತು ಛಾಯೆಗಳನ್ನು. ಆದ್ದರಿಂದ ಸಾವಿರದಲ್ಲಿ ಬೇಕಾದ ಒಂದು ತುಣುಕನ್ನು ಆರಿಸಿ ಪೂರ್ತಿ ಕಪ್ಪು ಬಿಳುಪಿಗೆ ಹಿಗ್ಗಿಸುತ್ತಾರೆ. ಬಹಳ ಉಪಯುಕ್ತ. ಆದರೆ ಇದು ಇದ್ದ ಭೇದವನ್ನು ಹಿಗ್ಗಿಸುತ್ತದೆಯೇ ಹೊರತು ಇಲ್ಲದ ಭೇದವನ್ನು ಹುಟ್ಟಿಸಲಾರದು. ಭೇದದೊಡನೆ ಕಾಳುಕಾಳಾದ ಗದ್ದಲವನ್ನೂ ಹಿಗ್ಗಿಸುತ್ತದೆ. ಕಿರಣದ ಮೊತ್ತ ಬಹಳ ಕಡಮೆಯಾದರೆ ಈ ಗದ್ದಲವೇ ಚಿತ್ರವನ್ನು ನುಂಗುತ್ತದೆ ಎಂಬುದನ್ನು ಒಪ್ಪಬೇಕು. "ಪವರ್" ಎಂಬ ನಮ್ಮ ಜನರ ಮಾತಿನಲ್ಲಿ ಇರುವ ಸತ್ಯಾಂಶ ಅಷ್ಟು. ಇದರಿಂದ ಇನ್ನೊಂದು ಅಪಾಯವೂ ಬಂದಿದೆ. ಫಿಲ್ಮಿನ ಕಾಲದಲ್ಲಿ ಕಿರಣ ಹೆಚ್ಚಾದರೆ ಹಾಳೆ ಕರಿಯಾಗಿ ತಪ್ಪು ಬಯಲಾಗುತ್ತಿತ್ತು. ಪರದೆಯಲ್ಲಿ ಕಿರಣ ಹೆಚ್ಚಾದಷ್ಟೂ ಚಿತ್ರ ನಯವಾಗಿಯೇ ಕಾಣುವುದರಿಂದ ರೋಗಿಗೆ ಸೇರುವ ಪ್ರಮಾಣ ಯಾರಿಗೂ ತಿಳಿಯದೆ ಮೆಲ್ಲಮೆಲ್ಲನೆ ಏರಬಹುದು. ಯಂತ್ರದವರು ಈಗ ಪ್ರತಿ ಚಿತ್ರದೊಡನೆ ಒಂದು ಸೂಚಕ ಅಂಕಿಯನ್ನು ತೋರಿಸುವುದು ಈ ಕಾರಣಕ್ಕೆ. ಅದನ್ನು ನೋಡುವ ಅಭ್ಯಾಸವೂ ಬೇಕು.

ನುಂಗುವುದನ್ನು ಬಿಟ್ಟು ಬಾಗುವುದನ್ನು ಅಳೆಯುವ ಹೊಸ ದಾರಿಯೊಂದಿದೆ. ಕ್ಷ-ಕಿರಣವೂ ಬೆಳಕಿನಂತೆ ಅಲೆ. ವಸ್ತುವನ್ನು ದಾಟುವಾಗ ಅದು ಅತ್ಯಲ್ಪವಾಗಿ ಬಾಗುತ್ತದೆ. ಮೃದುವಾದ ಮಾಂಸಗಳಲ್ಲಿ ನುಂಗುವಿಕೆಯ ಭೇದಕ್ಕಿಂತ ಈ ಬಾಗುವಿಕೆಯ ಭೇದ ಬಹಳ ದೊಡ್ಡದು. ೧೯೬೫ರಲ್ಲಿ ಬೊನ್ಸೆ ಮತ್ತು ಹಾರ್ಟ್ ಸಿಲಿಕಾನ್ ಹರಳಿನಿಂದ ಇದನ್ನು ಅಳೆಯುವ ಸಾಧನ ಮಾಡಿದರು. ೨೦೦೬ರಲ್ಲಿ ಫೈಫರ್ ಮತ್ತು ಸಂಗಡಿಗರು ಸೂಕ್ಷ್ಮ ಜಾಲರಿಗಳನ್ನು ಬಳಸಿ ಸಾಮಾನ್ಯ ಕ್ಷ-ಕಿರಣ ನಳಿಕೆಯಿಂದಲೂ ಇದು ಸಾಧ್ಯವೆಂದು ತೋರಿಸಿದರು. ನಮ್ಮ ದೇಶದಲ್ಲಿ ಇಂದೋರಿನ ಇಂಡಸ್-೨ ಯಂತ್ರದಲ್ಲಿ ಇಂಥ ಚಿತ್ರಣಕ್ಕಾಗಿಯೇ ಒಂದು ಕಿರಣಮಾರ್ಗವಿದೆ. ಜಿಲ್ಲೆಯ ಆಸ್ಪತ್ರೆಗಳಿಗೆ ಇದು ಬರಲು ಇನ್ನೂ ಕಾಲ ಬೇಕು.

ನಮ್ಮ ಕಡೆಗೆ ಅದಕ್ಕಿಂತ ಬೇಗ ಬರುವುದು ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರ. ೨೦೧೯ರಿಂದ ೨೦೨೧ರವರೆಗೆ ದೇಶದಲ್ಲಿ ನಡೆದ ಕ್ಷಯ ಸಮೀಕ್ಷೆಯಲ್ಲಿ, ಕೆಮ್ಮು ಜ್ವರಗಳನ್ನು ಮಾತ್ರ ಕೇಳಿ ಎದೆಯ ಚಿತ್ರ ತೆಗೆಯದಿದ್ದರೆ ನೂರಕ್ಕೆ ೪೨.೬ ರೋಗಿಗಳು ಕಣ್ಣಿಗೆ ಬೀಳುತ್ತಲೇ ಇರಲಿಲ್ಲವೆಂದು ಕಂಡುಬಂದಿತು. ೨೦೨೪ರ ಡಿಸೆಂಬರಿನಲ್ಲಿ ಆರಂಭವಾದ ನೂರು ದಿನಗಳ ಕ್ಷಯ ಅಭಿಯಾನದಲ್ಲಿ ಇಂಥ ಕೈಯಂತ್ರಗಳನ್ನು ಊರೂರಿಗೆ ಒಯ್ದರು. ಅದರಲ್ಲಿ ಸಾಮಾನ್ಯವಾಗಿ ಜಾಲರಿ ಇರುವುದಿಲ್ಲ, ಕಿರಣದ ಬಲವೂ ಅಲ್ಪ; ಅದನ್ನು ಹೊಟ್ಟೆಗೆ ಹಿಡಿದರೆ ಹಾಲಿನ ಮಬ್ಬು ಬಿಟ್ಟರೆ ಬೇರೇನೂ ಬಾರದು. ಎದೆಯಲ್ಲಿ ಅದು ಗೆಲ್ಲುವುದಕ್ಕೆ ಕಾರಣ ಗಾಳಿ. ಮಾಂಸದ ನಡುವೆ ಗಾಳಿ ತುಂಬಿದ ಎರಡು ಚೀಲಗಳಿದ್ದರೆ ಕಿರಣ ಚದುರುವುದು ಕಡಮೆ, ಭೇದ ಬಹು ದೊಡ್ಡದು. ಬೇರಿಯಂ ಬೇಡ, ಅಯೋಡಿನ್ ಬೇಡ. ಕ್ಷಯದ ಗಾಯದಲ್ಲಿ ಗಾಳಿಯ ಜಾಗವನ್ನು ನೀರಿನಂಥ ವಸ್ತು ತುಂಬಿಕೊಂಡಿರುವುದರಿಂದಲೇ ಅದು ಬೆಳ್ಳಗೆ ಕಾಣುವುದು. ಉಸಿರನ್ನು ಅರ್ಧ ಎಳೆದು ನಿಂತವನ ಎದೆಯಲ್ಲಿ ಗಾಳಿ ಕಡಮೆ, ಶ್ವಾಸಕೋಶದ ಬುಡವೆಲ್ಲ ಬಿಳುಪು, ಗಾಯವೂ ಬಿಳುಪು. ಗುಂಡಿ ಒತ್ತುವ ಮುನ್ನ ತಂತ್ರಜ್ಞ "ಶ್ವಾಸ ಜೋರಾಗಿ ಎಳೀರಿ, ಹಿಡೀರಿ" ಎನ್ನುವುದು ಇದಕ್ಕಾಗಿ. ಕನ್ನಡ ಬಾರದ ಮುದುಕರಿಗೆ ಅದನ್ನು ಮರಾಠಿಯಲ್ಲಿಯೂ ದಖನಿಯಲ್ಲಿಯೂ ಹೇಳಿಕೊಡಲು ನಮ್ಮ ತಾಲ್ಲೂಕಿನ ಯಾವ ವಿದ್ಯಾರ್ಥಿಯೂ ಪಕ್ಕದಲ್ಲಿ ನಿಲ್ಲಬಹುದು; ಕಿರಣ ಬಿಡುವ ಕ್ಷಣಕ್ಕೆ ಮಾತ್ರ ದೂರ ಸರಿದರಾಯಿತು.